ನನ್ನ ಒಳಗಿನ ಒಲೆ, ಗಿರಿಜಕ್ಕನ ತಂಪು

ನನಗೀಗ ಅರವತ್ತೈದು ದಾಟಿದೆ. ಈ ವಯಸ್ಸಿನ ಹೆಂಗಸರು ಸಾಮಾನ್ಯವಾಗಿ ಮಂಡಿನೋವು, ಮೊಮ್ಮಕ್ಕಳು, ಕಾಶಿಯಾತ್ರೆ ಇಂಥವುಗಳ ಬಗ್ಗೆ ಬರೆಯುತ್ತಾರೆ. ನಾನು ಬೆವರಿನ ಬಗ್ಗೆ ಬರೆಯಲು ಕೂತಿದ್ದೇನೆ. ಕಾನ್ವೆಂಟಿನಲ್ಲಿ ನಮಗೆ ಆ ಮಾತನ್ನೇ ಆಡಗೊಡುತ್ತಿರಲಿಲ್ಲ. ‘ಸ್ವೆಟ್’ ಅಂದರೆ ಸಿಸ್ಟರ್ ಹುಬ್ಬೇರಿಸುತ್ತಿದ್ದರು. ಅಷ್ಟು ನಾಜೂಕಿನಲ್ಲಿ ಬೆಳೆದವಳು ಐವತ್ತೊಂದನೆಯ ವಯಸ್ಸಿನಲ್ಲಿ ಒಂಬತ್ತನೇ ಕ್ಲಾಸಿನ ಮುಂದೆ ನಿಂತು, ಬ್ಲೌಸು ಬೆನ್ನಿಗೆ ಅಂಟಿಕೊಂಡು, ಮೂಗಿನ ತುದಿಯಿಂದ ಹಾಜರಿ ಪುಸ್ತಕದ ಮೇಲೆ ಟಪ್ ಟಪ್ ಅಂತ ಹನಿ ಬೀಳಿಸಿದೆ. ಅದೂ ಮಾರ್ಗಶಿರದ ಚಳಿಯಲ್ಲಿ. ಮಕ್ಕಳೆಲ್ಲ ಸ್ವೆಟರ್ ಹಾಕಿಕೊಂಡು ಕೂತಿದ್ದವು.

ಊರು ಚನ್ನಗಿರಿ. ಯಜಮಾನರದು ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ. ನಾನು ಅಲ್ಲೇ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ತವರು ಹೊನ್ನಾಳಿ. ಆದರೆ ಚಿಕ್ಕವಳಿದ್ದಾಗಲೇ ಅಪ್ಪ ಶಿವಮೊಗ್ಗದ ಕಾನ್ವೆಂಟ್ ಹಾಸ್ಟೆಲ್ಲಿಗೆ ಸೇರಿಸಿದ್ದರಿಂದ ನನ್ನ ಕನ್ನಡದಲ್ಲಿ ಇಂಗ್ಲಿಷು ಅನ್ನದೊಳಗಿನ ಕಲ್ಲಿನ ಹಾಗೆ ಆಗಾಗ ಹಲ್ಲಿಗೆ ಸಿಗುತ್ತದೆ. ಪ್ಲೀಸ್ ಎಕ್ಸ್‌ಕ್ಯೂಸ್ ಮಾಡಿ.

ಎಡ ಎದೆಯಲ್ಲಿ ಗಡ್ಡೆ ಸಿಕ್ಕಿದ್ದು ಬಚ್ಚಲಮನೆಯಲ್ಲಿ, ಸೋಪು ಹಚ್ಚಿಕೊಳ್ಳುವಾಗ. ಕಡಲೆಕಾಳಿನಷ್ಟು. ದಾವಣಗೆರೆಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ನಮ್ಮೆಜಮಾನರು ಮದುವೆ ಸೀಜನ್ನಿನಲ್ಲಿ ಅಂಗಡಿಯ ಬಾಗಿಲು ಹಾಕಿದರು. ನಮ್ಮ ಮದುವೆಯಾದ ಮೇಲೆ ಹಾಗೆ ಹಾಕಿದ್ದು ಅವರಪ್ಪ ತೀರಿಕೊಂಡಾಗ ಒಮ್ಮೆ, ಅಂದು ಒಮ್ಮೆ. ನನಗೆ ಕ್ಯಾನ್ಸರ್ ಅನ್ನುವ ಶಬ್ದಕ್ಕಿಂತ ಆ ಇಳಿದ ಶಟರ್ ನೋಡಿ ಹೆಚ್ಚು ಹೆದರಿಕೆಯಾಯಿತು.

ಆಪರೇಷನ್ನಿಗೆ ಜಗಳೂರಿನ ಕಡೆಯಿಂದ ಗಿರಿಜಕ್ಕ ಬಂದರು. ಯಜಮಾನರ ಅಕ್ಕ. ಅವರನ್ನು ಕೊಟ್ಟಿದ್ದು ಆ ಕಡೆಯ ಸೊಕ್ಕೆ ಅನ್ನುವ ಊರಿಗೆ. ಒಂದು ಚೀಲದ ತುಂಬ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದು, ನಾನು ಎದ್ದು ಓಡಾಡುವ ತನಕ ಹೋಗಲೇ ಇಲ್ಲ. ಎದೆ ತೆಗೆದ ಮೇಲೆ ಗಾಯದಿಂದ ಒಂದು ಟ್ಯೂಬು ಬಿಟ್ಟಿರುತ್ತಾರೆ, ಅದರ ತುದಿಗೆ ಕೆಂಪು ನೀರು ಇಳಿಯುವ ಡಬ್ಬಿ. ಅದನ್ನು ಕೈಯಲ್ಲಿ ಹಿಡಿದು ನಡೆಯುವುದೆಂದರೆ ನನಗೆ ನಾಚಿಕೆ. ಗಿರಿಜಕ್ಕ ಅಂಗಡಿಯ ಹೂವಿನ ಚೀಟಿಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು, ಡಬ್ಬಿಯನ್ನು ಅದರೊಳಗಿಟ್ಟು, ತಮ್ಮ ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕಕ್ಕೇ ನಡೆಯುತ್ತಿದ್ದರು. ವಾರ್ಡಿನಲ್ಲಿ ಯಾರೋ ಕೇಳಿದರು, “ಏನ್ರಿ ಅದು ಚೀಲ್ದಾಗೆ?”

“ನಮ್ಮ ವಿಮ್ಲನ ವ್ಯಾನಿಟಿ ಬ್ಯಾಗು,” ಅಂದರು.

ಗಾಯ ಒಣಗಿದ ಮೇಲೆ ಡಾಕ್ಟರು ನನ್ನನ್ನೂ ಯಜಮಾನರನ್ನೂ ಕೂರಿಸಿಕೊಂಡರು. ನನಗಿಂತ ಚಿಕ್ಕವರು, ಮಾತು ಕಡಿಮೆ, ಕೂದಲಿಗೆ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. “ಟೀಚರ್, ನಿಮ್ಮ ಗಡ್ಡೆಗೆ ಹೆಣ್ಣಿನ ಹಾರ್ಮೋನೇ ಊಟ. ಗಡ್ಡೆ ತೆಗೆದಿದ್ದೀವಿ. ಎಲ್ಲಾದರೂ ಒಂದು ಕಾಳು ಉಳ್ಕೊಂಡಿದ್ರೆ ಅದಕ್ಕೆ ಊಟ ಸಿಗಬಾರದು.” ಕೀಮೋ ಬೇಕಾಗಲಿಲ್ಲ, ಅದು ನನ್ನ ಪುಣ್ಯ. ಕರೆಂಟ್ ಕೊಟ್ಟರು, ಅಂದರೆ ರೇಡಿಯೇಷನ್. ಕಾರ್ತಿಕದಲ್ಲಿ ಅಂಡಾಶಯಗಳನ್ನೂ ತೆಗೆದರು. ಆಮೇಲೆ ದಿನಕ್ಕೊಂದು ಗುಳಿಗೆ, ಐದು ವರ್ಷ.

ನನಗೆ ಆಗ ಇನ್ನೂ ಮುಟ್ಟು ನಿಂತಿರಲಿಲ್ಲ. ಬೇರೆ ಹೆಂಗಸರಿಗೆ ನಾಲ್ಕಾರು ವರ್ಷ ಮೆಲ್ಲಗೆ ಇಳಿಯುವ ಮೆಟ್ಟಿಲು ನನಗೆ ಒಂದೇ ನೂಕಿಗೆ ಇಳಿದಂತಾಯಿತು. ಮೊದಲು ಹೊಟ್ಟೆಯ ಹತ್ತಿರ ಏನೋ ಒಂದು ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಎದೆ, ಕುತ್ತಿಗೆ, ಕಿವಿ. ಕಿವಿಗೆ ಬರುವಷ್ಟರಲ್ಲಿ ಹೃದಯ ಡಬಡಬ. ಆಮೇಲೆ ನೀರು ಸುರಿದ ಹಾಗೆ ಬೆವರು, ಅದಾದ ಮೇಲೆ ನಡುಕ. ಇದನ್ನು ‘ಹಾಟ್ ಫ್ಲಶ್’ ಅನ್ನುತ್ತಾರೆ. ಕೇಳಿದರೆ ಯಾವುದೋ ಲಿಪ್‌ಸ್ಟಿಕ್ಕಿನ ಬಣ್ಣದ ಹೆಸರಿನ ಹಾಗಿದೆ. ಹಗಲು ಹೇಗೋ ತಳ್ಳುತ್ತಿದ್ದೆ. ರಾತ್ರಿ ಸೀರೆ ಬದಲಿಸುವುದು, ದಿಂಬು ತಿರುವುವುದು, ಬೆಳಗ್ಗೆ ಎದ್ದು ಪಾಠ ಮಾಡುವುದು. ನಿದ್ದೆಯಿಲ್ಲದೆ ಸ್ಪೆಲಿಂಗ್ ಮರೆಯತೊಡಗಿತು. ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ‘ನೆಸೆಸರಿ’ಗೆ ಎಷ್ಟು ಎಸ್ ಅಂತ ನಿಂತುಬಿಟ್ಟಿದ್ದೆ ಒಮ್ಮೆ. ಮನೆಗೆ ಬಂದು ಅತ್ತುಬಿಟ್ಟೆ.

ನಮ್ಮೆಜಮಾನರು ಮಾತಿನ ಮನುಷ್ಯ ಅಲ್ಲ. ಅಂಗಡಿಯಿಂದ ತೆಳ್ಳನೆಯ ಮಲ್ ಬಟ್ಟೆ ತಂದು ಹಾಸಿಗೆ, ದಿಂಬು, ನೈಟಿ ಎಲ್ಲವನ್ನೂ ಅದರಲ್ಲೇ ಹೊಲಿಸಿದರು. ಪುಷ್ಯದ ಚಳಿಯಲ್ಲಿ ಫ್ಯಾನು ಫುಲ್ ಸ್ಪೀಡಿಗೆ ಹಾಕಿಕೊಟ್ಟು, ತಾವು ಕಂಬಳಿ ಹೊದ್ದು ತಲೆಗೆ ಮಫ್ಲರ್ ಸುತ್ತಿಕೊಂಡು ಮಲಗುತ್ತಿದ್ದರು. “ನೀವು ಆಚೆ ರೂಮಿಗೆ ಹೋಗ್ರಿ,” ಅಂದರೆ, “ಇರ್ಲಿ ಬಿಡು. ನೀನು ಬಳ್ಳಾರಿ, ನಾನು ಊಟಿ. ಒಂದೇ ಮಂಚದ ಮ್ಯಾಲೆ ಎರಡೂ ಊರು ಆಯ್ತು,” ಅಂದರು.

ಹೊನ್ನಾಳಿಯಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ, ಶಕೀಲಾ. ಕಾನ್ವೆಂಟಿನಲ್ಲಿ ಒಂದೇ ಬೆಂಚು, ಹಾಡುವುದಕ್ಕೂ ಒಂದೇ ಕಾಯರ್. ಅವಳಿಗೂ ಆಗ ಮೆನೋಪಾಸ್. ಹಾರ್ಮೋನ್ ಗುಳಿಗೆ ತಗೊಂಡು ಅರಳಿದ್ದಳು. ಫೋನಿನಲ್ಲಿ, “ಯಾಕೆ ಸಫರ್ ಮಾಡ್ತೀಯ ಕಣೇ? ನಾನು ತಗೊಳ್ಳೋದನ್ನೇ ತಗೋ. ಹದಿನೈದು ದಿನದಾಗೆ ಹುಡುಗಿ ಆಗ್ತೀಯ,” ಅಂದಳು. ಮುಂದಿನ ಚೆಕಪ್ಪಿನಲ್ಲಿ ಆಸೆಯಿಂದ ಕೇಳಿದೆ.

ಡಾಕ್ಟರು ತಲೆ ಅಲ್ಲಾಡಿಸಿದರು. “ನಿಮ್ಮ ಗೆಳತಿಗೆ ಅದು ಸರಿ. ನಿಮಗಲ್ಲ. ನಾವು ಮುಂದಿನ ಬಾಗಿಲಲ್ಲಿ ಊಟ ನಿಲ್ಲಿಸಿ, ನೀವು ಹಿತ್ತಿಲ ಬಾಗಿಲಲ್ಲಿ ತಟ್ಟೆ ಇಟ್ಟ ಹಾಗಾಗುತ್ತೆ. ಇನ್ನು ಒಂದು ಮಾತು ಈಗಲೇ ಹೇಳ್ತೀನಿ, ಟೀಚರ್. ಈ ಉರಿ ತಡೀಲಾರದೆ ಎಷ್ಟೋ ಜನ ನಮ್ಮ ಗುಳಿಗೆ ನಡುವೆ ಬಿಟ್ಟುಬಿಡ್ತಾರೆ. ನೀವು ಬಿಡಬೇಡಿ.”

ಅಂದರೆ ನನ್ನನ್ನು ಕಾಯುವ ಗುಳಿಗೆಯೇ ನನ್ನನ್ನು ಸುಡುವ ಗುಳಿಗೆ. ಐದು ವರ್ಷ ಅದನ್ನು ನುಂಗಬಲ್ಲೆನೇ, ಇಲ್ಲವೇ? ಆಮೇಲಿನ ನನ್ನ ಜೀವನದ ಪ್ರಶ್ನೆ ಇಷ್ಟೇ ಆಗಿತ್ತು.

ಗಿರಿಜಕ್ಕನ ಪ್ರಕಾರ ಇದರಲ್ಲಿ ಪ್ರಶ್ನೆಯೇ ಇರಲಿಲ್ಲ. “ಉಷ್ಣ,” ಅಂದರು. “ಕರೆಂಟ್ ಕೊಟ್ಟಾರೆ, ಗುಳಿಗೆ ಕೊಟ್ಟಾರೆ, ಮೈಯಾಗೆ ಉಷ್ಣ ಏರೈತೆ. ತಂಪು ಮಾಡಿದ್ರೆ ತಾನೇ ಇಳೀತೈತೆ. ಇದಕ್ಕೆ ಡಾಕ್ಟ್ರು ಯಾಕೆ?” ನೆತ್ತಿಗೆ ಹರಳೆಣ್ಣೆ ಒತ್ತಿದರು. ಕಾಮಕಸ್ತೂರಿ ಬೀಜ ನೆನೆಸಿದರು. ಕೊತ್ತಂಬರಿ ಬೀಜದ ನೀರು, ಸೌತೆಕಾಯಿ, ರಾಗಿ ಅಂಬಲಿ. ಇದ್ಯಾವುದರಿಂದಲೂ ಉರಿ ಹೋಗಲಿಲ್ಲ, ಆದರೆ ಯಾರೋ ನನಗೋಸ್ಕರ ಬೀಜ ನೆನೆಸುತ್ತಿದ್ದಾರೆ ಅನ್ನುವುದೇ ಒಂದು ಹಿತ. ಸಂಕ್ರಾಂತಿಗೆ ಬಂದವರು ಜಗಳೂರಿನ ಸಂತೆಯಲ್ಲಿ ಬೇರು ನಾರು ಮಾರುವವನ ಹತ್ತಿರ ಕೊಂಡ ಒಂದು ಬೂದುಬಣ್ಣದ ಪುಡಿ ತಂದರು, ಸ್ಟೀಲ್ ಡಬ್ಬಿಯ ತುಂಬ. “ಇದು ಭಾಳ ತಂಪು. ನಮ್ಮೂರಾಗೆ ಹೆಂಗಸರೆಲ್ಲ ತಗೊಂತಾರೆ. ದಿನಾ ಒಂದು ಚಮಚ ಮಜ್ಜಿಗೇಲಿ ಕದಡಿಕೊಂಡು ಕುಡಿ.”

ಕುಡಿದೆ. ಮತ್ತು ಉರಿ ಇಳಿಯಿತು.

ನಿಜವಾಗಿ ಇಳಿಯಿತು. ಕೆಲವೇ ದಿನಗಳಲ್ಲಿ ರಾತ್ರಿ ಇಡೀ ಮಲಗತೊಡಗಿದೆ. ಯಜಮಾನರು ಮಫ್ಲರ್ ತೆಗೆದು ಮಡಿಸಿಟ್ಟರು. ಕ್ಲಾಸಿನಲ್ಲಿ ಜೋಕ್ ಮಾಡಿದೆ, ಮಕ್ಕಳು ನಕ್ಕವು. ಗಿರಿಜಕ್ಕ ಫೋನಿನಲ್ಲಿ, “ಹೆಂಗೈತೆ?” ಅಂದರೆ, “ಸೂಪರ್ ಅಕ್ಕ,” ಅನ್ನುತ್ತಿದ್ದೆ. ಅವರ ನಗು ಸೊಕ್ಕೆಯಿಂದ ಫೋನ್ ಇಲ್ಲದೆಯೂ ಕೇಳುವಂತಿತ್ತು.

ಅದೇ ತಿಂಗಳ ಚೆಕಪ್ಪಿನಲ್ಲಿ ಡಾಕ್ಟರು ಬರೆಯುತ್ತಲೇ ಕೇಳಿದ್ದರು: “ನಾವು ಕೊಟ್ಟಿದ್ದು ಬಿಟ್ಟು ಬೇರೆ ಔಷಧಿ ಏನಾದರೂ ತಗೊಳ್ತಿದ್ದೀರಾ?”

“ಇಲ್ಲ ಮೇಡಂ,” ಅಂದೆ.

ಸುಳ್ಳು ಹೇಳಲಿಲ್ಲ. ಇದನ್ನು ನಮ್ಮ ಕಡೆಯವರು ಯಾರಾದರೂ ಓದಿದರೆ ತಟ್ಟನೆ ಗೊತ್ತಾಗುತ್ತದೆ. ಔಷಧಿ ಅಂದರೆ ಮೆಡಿಕಲ್ ಶಾಪಿನದು, ಕಹಿ ಇರುವುದು, ಚೀಟಿಯಲ್ಲಿ ಬರೆದದ್ದು. ತಂಪು ಅಂದರೆ ಅಡುಗೆಮನೆಯದು. ಮಜ್ಜಿಗೆ ಕುಡಿದೆ ಅಂತ ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ನನ್ನ ಕಾನ್ವೆಂಟು, ನನ್ನ ಬಿ.ಎಡ್ಡು ಯಾವುದೂ ಈ ಗೋಡೆಯನ್ನು ಒಡೆದಿರಲಿಲ್ಲ. ಪುಡಿಯ ಡಬ್ಬಿ ಕಾಫಿಪುಡಿಯ ಪಕ್ಕ ಇತ್ತು, ಗುಳಿಗೆಯ ಡಬ್ಬಿ ಬೀರುವಿನಲ್ಲಿ. ಅವು ಎರಡೂ ನನ್ನ ಒಂದೇ ಹೊಟ್ಟೆಗೆ ಹೋಗುತ್ತವೆ ಅನ್ನುವುದು ಹೊಳೆಯಲಿಲ್ಲ.

ಯುಗಾದಿಗೆ ಮುಂಚೆ ಮತ್ತೆ ಹೋದೆವು. ಆ ವೇಟಿಂಗ್ ಹಾಲ್ ಈಗ ನನಗೆ ತವರಿನಷ್ಟು ಪರಿಚಯ. ಸಾಲು ಸ್ಟೀಲ್ ಕುರ್ಚಿ, ಸದ್ದಿಲ್ಲದ ಟಿವಿಯಲ್ಲಿ ಅಳುವ ಸೀರಿಯಲ್, ಬಟ್ಟೆ ಅಂಗಡಿಗಳ ಕ್ಯಾರಿಬ್ಯಾಗಿನಲ್ಲಿ ಫೈಲು ಹಿಡಿದ ಜನ. ನಮ್ಮ ಅಂಗಡಿಯ ಬ್ಯಾಗುಗಳೂ ಒಂದೆರಡು ಕಾಣುತ್ತಿದ್ದವು. ಯಜಮಾನರಿಗೆ ಅದು ಕಂಡರೆ ಸಂತೋಷವೋ ದುಃಖವೋ ತಿಳಿಯುತ್ತಿರಲಿಲ್ಲ.

ಡಾಕ್ಟರು ನನ್ನನ್ನು ನೋಡಿ, “ಏನು ಟೀಚರ್, ಲುಕಿಂಗ್ ಫ್ರೆಶ್! ಉರಿ ಹೇಗಿದೆ?” ಅಂದರು.

“ನಿಂತೇ ಹೋಗಿದೆ ಮೇಡಂ.”

“ನಿಂತೇ ಹೋಯಿತಾ?” ಪೆನ್ನು ಅಲ್ಲೇ ನಿಂತಿತು. “ಹೇಗೆ?”

ನಮ್ಮೆಜಮಾನರಿಗೆ ಮಾತಾಡುವ ಅವಕಾಶ ಸಿಗುವುದೇ ಅಪರೂಪ. ಹೆಮ್ಮೆಯಿಂದ ಮುಂದೆ ಬಾಗಿದರು. “ನಮ್ಮಕ್ಕ ತಂಪಿಗೆ ಅಂತ ಒಂದು ಪುಡಿ ತಂದುಕೊಟ್ಟಾರೆ ಮೇಡಂ. ಮಜ್ಜಿಗೇಲಿ ಕುಡೀತಾಳೆ. ಏನು ಗುಣ ಅಂತೀರಿ!”

ಡಾಕ್ಟರು ಕೂದಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅದು ಕೆಲಸ ಮಾಡ್ತಿದೆಯಲ್ಲ, ನನಗೆ ಅದೇ ಭಯ,” ಅಂದರು. “ಈ ಉರಿಯನ್ನು ಇಷ್ಟು ಚೆನ್ನಾಗಿ ಆರಿಸೋದು ಹೆಚ್ಚಾಗಿ ಹಾರ್ಮೋನೇ. ಕೆಲವು ಬೇರುಗಳಲ್ಲಿ ಹಾರ್ಮೋನಿನ ಥರಾನೇ ಕೆಲಸ ಮಾಡೋ ಅಂಶ ಇರುತ್ತೆ. ನಿಮ್ಮ ಪುಡಿಯಲ್ಲಿ ಅದೇ ಇದೆ ಅಂತ ನಾನು ಹೇಳಲ್ಲ. ಏನಿದೆ ಅಂತ ನನಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿರಲ್ಲ. ಗೊತ್ತಿಲ್ಲದ್ದು ನಿಮಗೆ ಬೇಡ. ಇವತ್ತಿಂದ ನಿಲ್ಲಿಸಿ.”

“ಹಂಗಾದ್ರೆ ಇಷ್ಟು ದಿನ ಕುಡಿದಿದ್ದು...” ಅಂದರು ಯಜಮಾನರು.

“ಒಂದು ಸ್ಕ್ಯಾನ್ ಮಾಡೋಣ. ಬ್ಲಡ್ ಟೆಸ್ಟ್ ಮಾಡೋಣ. ಹೆದರಬೇಡಿ.”

ಹೆದರಬೇಡಿ ಅಂದರೆ ಹೆದರದಿರುವವರು ಯಾರು? ರಿಪೋರ್ಟ್ ಬರುವ ತನಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವರು ಅಂಗಡಿಯಲ್ಲಿ ಮೀಟರ್ ತಪ್ಪಿ ಬಟ್ಟೆ ಹರಿದರಂತೆ. ನನಗೆ ನಿದ್ದೆಯಲ್ಲೂ ಹಿತ್ತಿಲ ಬಾಗಿಲು ಕಾಣುತ್ತಿತ್ತು, ಅಲ್ಲೊಂದು ತಟ್ಟೆ. ಕೊನೆಗೆ ರಿಪೋರ್ಟ್ ಕ್ಲೀನ್ ಬಂತು. ಡಾಕ್ಟರು ಅದನ್ನು ನನ್ನ ಕೈಗೆ ಕೊಟ್ಟಾಗ ಇವರು ಹೊರಗೆ ಹೋಗಿ ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು. ತೊಳೆಯುವಂಥ ಧೂಳೇನೂ ಇರಲಿಲ್ಲ.

ಪುಡಿ ನಿಂತಿತು. ಉರಿ ವಾಪಸ್ ಬಂತು, ರಜೆ ಮುಗಿಸಿ ಬಂದ ಬಾಡಿಗೆದಾರನ ಹಾಗೆ, ಎಲ್ಲ ಸಾಮಾನಿನ ಸಮೇತ.

ಡಾಕ್ಟರು ಹಾರ್ಮೋನ್ ಅಲ್ಲದ ಒಂದು ಗುಳಿಗೆ ಬರೆದುಕೊಟ್ಟಿದ್ದರು. “ಇದು ಮನಸ್ಸಿನ ಕಾಯಿಲೆಗೆ ಕೊಡೋದು. ಕಡಿಮೆ ಡೋಸಿನಲ್ಲಿ ಈ ಉರಿಗೂ ಆಗುತ್ತೆ. ನಿಮ್ಮ ಇನ್ನೊಂದು ಗುಳಿಗೆಗೆ ಅಡ್ಡ ಬರೋದಿಲ್ಲ, ನೋಡಿಯೇ ಕೊಟ್ಟಿದ್ದೀನಿ.” ಚನ್ನಗಿರಿಯಲ್ಲಿ ಮೆಡಿಕಲ್ ಶಾಪಿನವನು ಚೀಟಿ ನೋಡಿ, ಯಜಮಾನರನ್ನು ಪಕ್ಕಕ್ಕೆ ಕರೆದು, “ಅಕ್ಕಾರಿಗೆ ತಲೆಗೇನಾರ ತ್ರಾಸಾಗೈತೇನ್ರಿ?” ಅಂತ ಪಿಸುಗುಟ್ಟಿದನಂತೆ. ಇವರು ಅಲ್ಲಿಂದ ಮುಂದೆ ದಾವಣಗೆರೆಯಲ್ಲೇ ಅದನ್ನು ಕೊಳ್ಳತೊಡಗಿದರು. ಆ ಗುಳಿಗೆ ಉರಿಯನ್ನು ಅರ್ಧಕ್ಕೆ ಇಳಿಸಿತು. ಉಳಿದ ಅರ್ಧ ನನ್ನ ಪಾಲು.

ಪುಡಿಯ ಡಬ್ಬಿ ಮಾತ್ರ ಕಾಫಿಪುಡಿಯ ಪಕ್ಕದಲ್ಲೇ ಇತ್ತು. ಎಸೆಯಲು ಕೈ ಬರಲಿಲ್ಲ. ಅದು ಗಿರಿಜಕ್ಕ ತಂದದ್ದು, ನನ್ನ ಟ್ಯೂಬಿನ ಡಬ್ಬಿ ಹೊತ್ತವರು. ಇನ್ನೊಂದು ಕಾರಣವೂ ಇತ್ತು. ತೀರಾ ಕೆಟ್ಟ ದಿನಗಳಲ್ಲಿ ಅದರ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದೇನೆ. ಒಂದು ಚಮಚ, ಒಂದು ನಿದ್ದೆ. ಅಥವಾ ಆ ಬೀರುವಿನ ಗುಳಿಗೆಯನ್ನೇ ಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಹಾಗೆ ನಿಂತಿದ್ದ ಒಂದು ಮಧ್ಯಾಹ್ನ ಶಕೀಲಾ ಫೋನ್ ಮಾಡಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತಿರುವಾಗಲೇ ಉರಿ ಏರಿತು, ಉಸಿರು ಹತ್ತಿತು.

“ಏ, ಏನೇ ಹಂಗೆ ಉಸಿರು ಬಿಡ್ತೀಯ? ಶೋಲ್ಡರಿಂದ ಬಿಡ್ತಿದೀಯ. ಸಿಸ್ಟರ್ ಇದ್ದಿದ್ರೆ ಸ್ಕೇಲಲ್ಲಿ ಕೊಟ್ಟಿರೋರು.”

ಇಬ್ಬರೂ ನಕ್ಕೆವು. “ಆ ಮೇಣದಬತ್ತಿ ನೆನಪಿದೆಯೇನೆ?” ಅಂದಳು ಶಕೀಲಾ.

ನಮ್ಮ ಕಾಯರ್ ಕಲಿಸುತ್ತಿದ್ದ ಸಿಸ್ಟರ್ ಹಾಡುವ ಮೊದಲು ಹುಡುಗಿಯರಿಗೆಲ್ಲ ಒಂದೊಂದು ಮೇಣದಬತ್ತಿ ಹಿಡಿಸುತ್ತಿದ್ದರು. ಹೊಟ್ಟೆಯಿಂದ ಉಸಿರು ತುಂಬಿಕೊಂಡು, ತುಟಿ ಸಣ್ಣ ಮಾಡಿ, ಬತ್ತಿಯ ಕಡೆಗೆ ನಿಧಾನವಾಗಿ ಬಿಡಬೇಕು. ಜ್ವಾಲೆ ಬಾಗಬೇಕು, ಆರಬಾರದು. ಯಾರದು ಹೆಚ್ಚು ಹೊತ್ತು ಬಾಗಿರುತ್ತದೋ ಅವಳು ಗೆದ್ದಳು. ಪ್ರಾರ್ಥನೆಯ ಚಾಪೆಲ್ಲಿನ ಕತ್ತಲಲ್ಲಿ ಇಪ್ಪತ್ತು ಜ್ವಾಲೆಗಳು ಒಂದೇ ಕಡೆಗೆ ತಲೆ ಬಾಗಿಸುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆ ಹುಡುಗಿಯರಲ್ಲಿ ಎಷ್ಟು ಜನ ಉಳಿದಿದ್ದೇವೋ. ಡಾಕ್ಟರೂ ನಿಧಾನ ಉಸಿರಾಟ ಮಾಡಿ ಅಂತ ಹೇಳಿದ್ದರು, ನಾನು ಅದನ್ನು ಟಿವಿಯ ಯೋಗದ ಮಾತಿನ ಹಾಗೆ ಕಿವಿಯಿಂದ ಜಾರಿಸಿದ್ದೆ. ಶಕೀಲಾ ಹೇಳಿದಾಗ ಅದು ನನ್ನದೇ ಹಳೆಯ ವಿದ್ಯೆ ಅನ್ನಿಸಿತು.

ಮನೆಯಲ್ಲಿ ಮೇಣದಬತ್ತಿ ಇರಲಿಲ್ಲ. ಸಂಜೆ ದೇವರ ಮುಂದೆ ಹಚ್ಚಿದ ದೀಪ ಇತ್ತು. ಅದರ ಮುಂದೆ ಕೂತು, ತುಟಿ ಸಣ್ಣ ಮಾಡಿ, ಉಸಿರು ಬಿಡತೊಡಗಿದೆ. ಬಾಗಿತು. ಆರಲಿಲ್ಲ. ಎರಡನೆಯ ಸಲವೂ ಆರಲಿಲ್ಲ. ಮೂರನೆಯ ಸಲಕ್ಕೆ ಬೆನ್ನ ಹಿಂದೆ ಚೀಲವೊಂದು ದೊಪ್ಪನೆ ಬಿತ್ತು.

“ಏ ವಿಮ್ಲಾ! ದೇವ್ರ ದೀಪ ಊದ್ತಾರೇನೆ ಯಾರಾರ? ನಿಂಗೇನ್ ಬಂದೈತೆ?” ಗಿರಿಜಕ್ಕ ಜಗಳೂರಿನ ಬಸ್ಸಿನಿಂದ ನೇರ ಬಂದು ಬಾಗಿಲಲ್ಲಿ ನಿಂತಿದ್ದರು.

“ಊದ್ತಿಲ್ಲ ಅಕ್ಕ, ಬಾಗಿಸ್ತಿದೀನಿ.”

“ಬಾಗಸಾಕೆ ಅದೇನ್ ಬಾಳೆಗೊನೆನಾ? ಏಳು ಮ್ಯಾಲೆ! ದೀಪ ಊದೋದು, ಅದೂ ಮುತ್ತೈದೆ! ನಮ್ಮವ್ವ ಇದ್ದಿದ್ರೆ ಎದಿ ಒಡಕೊಂಡು ಸಾಯ್ತಿದ್ಲು.” ಕೆನ್ನೆ ಕೆನ್ನೆ ಬಡಿದುಕೊಂಡು ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ ಕೈಮುಗಿದರು. ಆಮೇಲೆ ಚೀಲಕ್ಕೆ ಕೈ ಹಾಕಿದರು. “ಪುಡಿ ಮುಗಿದಿರಬೇಕು ಅಂತ ಇನ್ನೊಂದು ಡಬ್ಬಿ ತಂದೀನಿ.”

ಹೊಸ ಡಬ್ಬಿ ಹಳೆಯದಕ್ಕಿಂತ ದೊಡ್ಡದು. ಅದನ್ನು ನೋಡಿದ ಕೂಡಲೇ ಹೊಟ್ಟೆಯಲ್ಲಿ ಹೊತ್ತಿಕೊಂಡಿತು. ಕುತ್ತಿಗೆ, ಕಿವಿ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನಿಂತೆ. ಗಿರಿಜಕ್ಕ ನನ್ನನ್ನೇ ನೋಡಿದರು.

“ಮತ್ತೆ ಬರ್ತೈತಲ್ಲೇ? ಪುಡಿ ತಗೊಳ್ಳಾಕ್ ಹತ್ತಿಲ್ಲೇನು?”

“ಬಿಟ್ಟೆ ಅಕ್ಕ. ಡಾಕ್ಟರು ಬಿಡೋಕೆ ಹೇಳಿದರು.”

“ಯಾವಾಗ?”

“ಯುಗಾದಿಗೆ ಮುಂಚೆ.”

“ಯುಗಾದಿ ಆಗಿ ಎಷ್ಟು ದಿನ ಆತು! ಫೋನಿನಾಗೆ ದಿನಾ ಸೂಪರ್ ಸೂಪರ್ ಅಂತಿದ್ದಿ.” ಅವರು ಗೋಡೆಗೆ ಒರಗಿ ಕೂತರು. “ನಾನೇನು ವಿಷ ಹಾಕಿದ್ನೇನೆ ನಿಂಗೆ?”

“ಅಯ್ಯೋ ಹಂಗಲ್ಲ ಅಕ್ಕ...” ಅಂದವಳು ಎಲ್ಲವನ್ನೂ ಹೇಳಿದೆ. ಗಡ್ಡೆಗೆ ಹಾರ್ಮೋನು ಊಟ. ಮುಂದಿನ ಬಾಗಿಲು, ಹಿತ್ತಿಲ ಬಾಗಿಲು. ಪುಡಿಯಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಸ್ಕ್ಯಾನು. ಗಿರಿಜಕ್ಕನ ಮುಖ ಸಣ್ಣದಾಗುತ್ತಾ ಹೋಯಿತು. ಕೊನೆಗೆ ಬಹಳ ಮೆಲ್ಲಗೆ, “ಸ್ಕ್ಯಾನಿನಾಗೆ ಏನ್ ಬಂತು?” ಅಂದರು.

“ಏನೂ ಇಲ್ಲ ಅಕ್ಕ. ಕ್ಲೀನ್.”

“ನನ್ನಾಣೆ?”

“ನಿಮ್ಮಾಣೆ.”

ಎದ್ದು ಎರಡೂ ಡಬ್ಬಿ ತಗೊಂಡು ಹಿತ್ತಿಲಿಗೆ ಹೋದರು. ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಡಬ್ಬಿಯನ್ನು ಗಟ್ಟಿಯಾಗಿ ಬಡಿದು ಬಡಿದು ಖಾಲಿ ಮಾಡುವ ಸದ್ದು ಕೇಳಿತು. “ಕುಡಿ ನೀನು. ನಿನಗಂತೂ ಮುಟ್ಟು ನಿಲ್ಲೋ ಕಾಟ ಇಲ್ಲ,” ಅಂತ ಗಿಡಕ್ಕೆ ಹೇಳಿದರು. ಒಳಗೆ ಬರಲಿಲ್ಲ. ಹಿತ್ತಿಲ ಗೇಟು ತೆಗೆದು ಹೊರಟೇ ಹೋದರು. ಸಿಟ್ಟಿನಲ್ಲಿ ವಾಪಸ್ ಊರಿಗೇ ಹೋದರೋ ಏನೋ ಅಂತ ನಾನು ಬಾಗಿಲಿಗೂ ಒಳಗೂ ಓಡಾಡಿದೆ.

ಸ್ವಲ್ಪ ಹೊತ್ತಿಗೆ ಬಂದರು. ಕೈಯಲ್ಲಿ ಮೂಲೆಯ ಕಿರಾಣಿ ಅಂಗಡಿಯ ಒಂದು ಪ್ಯಾಕೆಟ್ ಮೇಣದಬತ್ತಿ. ನನ್ನ ಮುಂದೆ ಇಟ್ಟರು.

“ಏನ್ ಊದ್ತೀಯೋ ಇದನ್ನ ಊದು. ದೇವ್ರ ದೀಪಕ್ಕೆ ಮಾತ್ರ ಬಾಯಿ ಹಾಕಬ್ಯಾಡ.”

ಸಾರಿ ಅನ್ನುವ ಶಬ್ದ ಗಿರಿಜಕ್ಕನ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ. ಆ ಪ್ಯಾಕೆಟ್ಟಿನ ಒಂದು ಬತ್ತಿ ಇನ್ನೂ ನನ್ನ ಬೀರುವಿನಲ್ಲಿ ಇದೆ.

ಅಡುಗೆಮನೆಯ ಕಟ್ಟೆಯ ಮೇಲೆ ಬತ್ತಿ ಹಚ್ಚಿ ತೋರಿಸಿದೆ. ನಿಧಾನ, ಹೊಟ್ಟೆಯಿಂದ. ಜ್ವಾಲೆ ಮಲಗಿದಂತೆ ಬಾಗಿ ನಿಂತಿತು. “ಇಷ್ಟೇನಾ?” ಅಂದು ಗಿರಿಜಕ್ಕ ತಾವೂ ಊದಿದರು. ಫಟ್ ಅಂತ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಯಜಮಾನರು ಅಂಗಡಿ ಮುಚ್ಚಿ ಬಂದು ನೋಡಿದಾಗ ಅವರಕ್ಕ ಮಂಡಿ ಊರಿ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು ಬತ್ತಿಯ ಜೊತೆ ಜಗಳವಾಡುತ್ತಿದ್ದರು.

“ಕರೆಂಟ್ ಐತಲ್ಲಕ್ಕ?” ಅಂದರು ಇವರು.

“ನೀ ಸುಮ್ನಿರೋ ಮಹೇಶ. ಉಸಿರು ತಪ್ತೈತೆ.”

ಅದೇ ತಿಂಗಳು ನನ್ನನ್ನು ನ್ಯಾಮತಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸೂಪರ್‌ವಿಜನ್ನಿಗೆ ಹಾಕಿದರು. ರಜೆ ಹಾಕು ಅಂದರು ಯಜಮಾನರು. ಹಾಕಲಿಲ್ಲ. ಶೀಟಿನ ಸೂರು, ಬಿಸಿಲು, ಫ್ಯಾನು ತಿರುಗಿದರೆ ಬಿಸಿಗಾಳಿಯೇ. ಮಕ್ಕಳು ತಲೆಬಗ್ಗಿಸಿ ಬರೆಯುತ್ತಿದ್ದವು. ಎರಡು ಸಾಲುಗಳ ನಡುವೆ ನಡೆಯುತ್ತಿದ್ದಾಗ ಹೊಟ್ಟೆಯಲ್ಲಿ ಹೊತ್ತಿಕೊಂಡಿತು. ಓಡಿಹೋಗುವಂತಿಲ್ಲ, ಪರೀಕ್ಷೆಯ ಕೋಣೆ ಬಿಡುವಂತಿಲ್ಲ. ಕಿಟಕಿಯ ಹತ್ತಿರ ನಿಂತೆ. ಎದುರಿಗೆ ಇಲ್ಲದ ಬತ್ತಿಯೊಂದನ್ನು ಇಟ್ಟುಕೊಂಡೆ. ತುಂಬು, ಬಿಡು. ಬಾಗಲಿ, ಆರದಿರಲಿ. ಬೆವರು ಬಂತು, ಬಂದೇ ಬಂತು. ಆದರೆ ಹೃದಯ ಡಬಡಬ ಅನ್ನಲಿಲ್ಲ. ಉರಿ ಎದೆಯ ತನಕ ಏರಿ, ಕಿವಿಗೆ ಬರುವ ಮೊದಲೇ ಮನಸ್ಸು ಬದಲಾಯಿಸಿದ ಹಾಗೆ ಇಳಿಯಿತು. ಮುಖ ಒರೆಸಿಕೊಂಡು ಅಡಿಷನಲ್ ಶೀಟ್ ಹಂಚಿದೆ. ಐದು ವರ್ಷ ಆಗುತ್ತದೆ ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಆ ಕಿಟಕಿಯ ಹತ್ತಿರ.

ಆಯಿತು ಕೂಡ. ಸುಖವಾಗಿ ಆಯಿತು ಅನ್ನಲಾರೆ. ಸಂಜೆಯ ಕಾಫಿ ಬಿಡಬೇಕಾಯಿತು, ಅದಕ್ಕೆ ನಾನು ಇವತ್ತಿಗೂ ಶೋಕಿಸುತ್ತೇನೆ. ಕೀಲುಗಳು ಬೆಳಗ್ಗೆ ತುಕ್ಕು ಹಿಡಿದ ಗೇಟಿನ ಹಾಗೆ ಕಿರುಗುಟ್ಟುತ್ತಿದ್ದವು. ಮೂಳೆಗೆ ಕ್ಯಾಲ್ಸಿಯಂ, ನಡಿಗೆ. ಗಂಡಹೆಂಡಿರ ನಡುವಿನ ಒಂದು ಕಷ್ಟವಿತ್ತು, ಮೈ ಒಳಗೆಲ್ಲ ಒಣಗಿದಂತೆ. ಅದನ್ನು ಡಾಕ್ಟರಿಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಕಾನ್ವೆಂಟು! ಅವರು ಕಣ್ಣೂ ಮಿಟುಕಿಸದೆ ಹಾರ್ಮೋನ್ ಇಲ್ಲದ ಜೆಲ್ ಒಂದರ ಹೆಸರು ಬರೆದುಕೊಟ್ಟರು. ನಿಮಗೂ ಹಾಗಿದ್ದರೆ ಒಂದು ವರ್ಷ ಕಾಯಬೇಡಿ.

ಮತ್ತೆ ಗಿರಿಜಕ್ಕ ಇದ್ದರು. ಆ ದಿನದಿಂದ ಅವರಿಗೆ ಅಡುಗೆಮನೆಯ ಯಾವ ಡಬ್ಬಿಯ ಮೇಲೂ ನಂಬಿಕೆ ಉಳಿಯಲಿಲ್ಲ. ನನ್ನ ಚೆಕಪ್ಪಿನ ಹಿಂದಿನ ದಿನ ಫೋನ್ ತಪ್ಪುತ್ತಿರಲಿಲ್ಲ. “ಕೇಳು ಆಯಮ್ಮನ್ನ, ಸೌತೆಕಾಯಿ ತಿನ್ನಬೋದಾ? ಮೆಂತ್ಯ ದೋಸೆಗೆ ಹಾಕೋದಕ್ಕೆ ಅಡ್ಡಿ ಇಲ್ಲಾ? ಗುಲ್ಕನ್ನು?” ಡಾಕ್ಟರು ಒಂದು ದಿನ ನಕ್ಕು, “ಅವರನ್ನೇ ಕರ್ಕೊಂಡು ಬನ್ನಿ,” ಅಂದರು. ಅಂದಿನಿಂದ ಪ್ರತಿ ಸಲ ಬರುತ್ತಾರೆ. ಕೊನೆಯ ಗುಳಿಗೆ ನುಂಗಿದ ಬೆಳಗ್ಗೆಯೂ ಅವರೇ ಲೋಟದಲ್ಲಿ ನೀರು ಹಿಡಿದು ನಿಂತಿದ್ದರು. ಖಾಲಿ ಸ್ಟ್ರಿಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹೋಗ್ಲಿ ತಗಾ,” ಅಂದು ಬಚ್ಚಲೊಲೆಗೆ ಹಾಕಲು ಹೋದರು. ಪ್ಲಾಸ್ಟಿಕ್ ಸುಡಬಾರದು ಅಂತ ನಾನೇ ತಡೆದೆ.

ಅದಾಗಿ ಬಹಳ ವರ್ಷವಾಯಿತು. ಈಗ ವರ್ಷಕ್ಕೊಮ್ಮೆ ಹೋಗುತ್ತೇನೆ. ಉರಿ ಅಪರೂಪಕ್ಕೆ ಬಂದು ಮಾತಾಡಿಸಿ ಹೋಗುತ್ತದೆ. ಮೊನ್ನೆ ಹೋದಾಗಲೂ ಅದೇ ಸ್ಟೀಲ್ ಕುರ್ಚಿ. ಗಿರಿಜಕ್ಕನಿಗೆ ಈಗ ಎಪ್ಪತ್ತಾರು, ಕೋಲು ಬಂದಿದೆ. ನಮ್ಮ ಪಕ್ಕದಲ್ಲಿ ನಲವತ್ತೈದರ ಒಬ್ಬಳು ಹೆಂಗಸು, ಹಣೆಯಲ್ಲಿ ಕುಂಕುಮ ಬೆವರಿಗೆ ಕರಗಿ ಮೂಗಿಗೆ ಇಳಿದಿತ್ತು. ಎಕ್ಸ್‌ರೇ ಕವರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಹೊರಗೆ ಮಳೆ ಬರುವಷ್ಟು ಮೋಡ, ಎಲ್ಲರೂ ಸೆರಗು ಹೊದ್ದು ಕೂತಿದ್ದರು. ಮಾತಾಡಿಸುವ ಮೊದಲೇ ನನಗೆ ಗೊತ್ತಾಯಿತು.

ಗಿರಿಜಕ್ಕನಿಗೂ ಗೊತ್ತಾಯಿತು. ಕೋಲು ಊರಿ ಅವಳ ಕಡೆಗೆ ತಿರುಗಿದರು. “ಉರೀನೇನವ್ವ?”

ಅವಳು ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂತು.

“ಬೇರೆ ಔಷಧಿ ಏನಾರ ತಗೊಳ್ಳಾಕ್ ಹತ್ತೀಯಾ?”

“ಇಲ್ಲಮ್ಮ, ಡಾಕ್ಟ್ರು ಕೊಟ್ಟಿದ್ದು ಬಿಟ್ರೆ ಏನೂ ಇಲ್ಲ.”

“ಅದು ಸರಿ. ತಂಪಿಗೆ ಏನ್ ತಗೊಂತೀಯ?”

ಅವಳು ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. “ತಂಪಿಗಾ? ನಮ್ಮತ್ತೆ ಒಂದು ಬೇರು ತೇಯ್ದು ಹಾಲಿನಾಗೆ ಕೊಡ್ತಾರೆ...”

“ಹಾಂ,” ಅಂದರು ಗಿರಿಜಕ್ಕ. ಅವಳ ಒದ್ದೆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ಒಳಗೆ ಹೋದ ಮ್ಯಾಲೆ ಅದನ್ನೇ ಮೊದ್ಲು ಹೇಳು. ನಿಮ್ಮತ್ತೇನ ಬೈಬ್ಯಾಡ, ಆಯಮ್ಮ ಜೀವ ಸುಟ್ಟುಕೊಂಡು ಕೊಡ್ತಿರ್ತಾಳೆ. ಆದ್ರೆ ತಂಪೂ ಔಷಧೀನೇ ಕಣವ್ವ.”

ಆಮೇಲೆ ನನ್ನ ಕಡೆ ತಿರುಗಿ, ಕಾನ್ವೆಂಟಿನ ಸಿಸ್ಟರ್‌ಗಿಂತ ಗಟ್ಟಿ ದನಿಯಲ್ಲಿ, “ಏ ವಿಮ್ಲಾ, ಸುಮ್ನೆ ಯಾಕ್ ಕುಂತೀಯ? ಆ ಬತ್ತಿ ಬಾಗಿಸೋದು ಹೇಳಿಕೊಡು ಈಕೆಗೆ,” ಅಂದರು.